ಉಸಿರು ಹಿಡಿದೈತೋ, ಬಿಟ್ಟೈತೋ

ಮೌಲಾಸಾಬರ ಎಡಗೈಯಲ್ಲಿ ನಾಲ್ಕೂವರೆ ಬೆರಳು. ಉಳಿದ ಅರ್ಧ ಹೋದದ್ದು ನನ್ನ ಒಂದು ಮಾತಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನಾನು ಅವರನ್ನು ಹೊಗಳುವುದನ್ನು ಕೇಳಿ, ಪಾಪ ಎಂಥ ಒಳ್ಳೆಯ ಶಿಷ್ಯ ಎಂದು ನೀವು ನನ್ನನ್ನು ತಪ್ಪು ತಿಳಿದುಕೊಳ್ಳುತ್ತೀರಿ.

ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಅವರದೊಂದು ರಿಪೇರಿ ಅಂಗಡಿ ಇತ್ತು. ಭತ್ತಕ್ಕೆ ಹುಳದ ಎಣ್ಣೆ ಹೊಡೆಯುವ ಪಂಪು, ಗ್ಯಾಸಿನ ಒಲೆ, ಹೊಲಿಗೆ ಮಷೀನು, ಇವು ಹೊಟ್ಟೆಪಾಡಿಗೆ. ಜೀವ ಇದ್ದದ್ದು ಮಾತ್ರ ಹಳೆಯ ಹವಾ ಬಂದೂಕುಗಳ ಮೇಲೆ. ಇದರಲ್ಲಿ ಮದ್ದು ಇಲ್ಲ. ನಳಿಗೆಯನ್ನು ನಡು ಮುರಿದಂತೆ ಕೆಳಕ್ಕೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗು ಒತ್ತಿಕೊಂಡು ಒಂದು ಕಬ್ಬಿಣದ ಹಲ್ಲಿಗೆ ಸಿಕ್ಕಿ ನಿಲ್ಲುತ್ತದೆ. ಕುದುರೆ ಎಳೆದಾಗ ಹಲ್ಲು ಜಾರಿ, ಸ್ಪ್ರಿಂಗು ಹಾರಿ, ಆ ಗಾಳಿಯ ಒತ್ತಡಕ್ಕೆ ಛರ್ರೆ ಎನ್ನುವ ಸೀಸದ ಸಣ್ಣ ಗುಂಡು ಹೋಗುತ್ತದೆ. ಅಷ್ಟೇ ವಿದ್ಯೆ. ಕಾಲುವೆ ಬಂದ ಹೊಸದರಲ್ಲಿ ಗದ್ದೆಯ ಹಕ್ಕಿ ಬೆದರಿಸಲು ಕೊಂಡಿಟ್ಟವು ಈಗ ಊರೂರಿನ ಅಟ್ಟಗಳ ಮೇಲೆ ತುಕ್ಕು ತಿನ್ನುತ್ತ ಬಿದ್ದಿವೆ.

ನಾನು ಅಮರೇಶ, ಊರು ಮಸ್ಕಿ. ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ಮೂಗಿನ ತುದಿಯಲ್ಲೇ ಸಿಟ್ಟು ಎಂದು ದಾರಿಯುದ್ದಕ್ಕೂ ಹೆಸರು ಮಾಡಿದ್ದೇನೆ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ಕಂಡರೆ ಇವತ್ತಿಗೂ ಮೈ ಉರಿಯುತ್ತದೆ. ಒಮ್ಮೆ ಒಬ್ಬ ಪ್ರಯಾಣಿಕ ಗೋಣಿಚೀಲದಲ್ಲಿ ಸುತ್ತಿದ ಬಂದೂಕನ್ನು ಕೈಗಿತ್ತು, "ಇದನ್ನ ಮೌಲಾಸಾಬಗ ಮುಟ್ಟಿಸಿಬಿಡ್ರಿ" ಅಂದ. ಮುಟ್ಟಿಸಲು ಹೋದವನು ಅಲ್ಲೇ ಅಂಟಿಕೊಂಡೆ. ಆಮೇಲೆ ಹುಡುಕುವ ಕೆಲಸ ನನ್ನದು, ತೂಗಿ ನೋಡುವ ಕೆಲಸ ಅವರದು. ಬಸ್ಸಿನಲ್ಲಿ ಕಿವಿ ತೆರೆದುಕೊಂಡಿದ್ದರೆ ಯಾರ ಅಟ್ಟದ ಮೇಲೆ ಏನಿದೆ ಎಂಬುದು ತಾನಾಗಿ ಬಂದು ಕಿವಿಗೆ ಬೀಳುತ್ತದೆ. ಒಂದು ವಿಲಾಯತಿ ಬಂದೂಕು ಹಾಗೆಯೇ ವಳಕಮದಿನ್ನಿಯಲ್ಲಿ ಸಿಕ್ಕಿತು. ಅದನ್ನು ನಾನು ಮನೆಯಲ್ಲಿ ಹೆಂಡತಿಗೂ ಮುಟ್ಟಗೊಡುತ್ತಿರಲಿಲ್ಲ.

ಬಂದೂಕು ಒಯ್ದು ಅವರ ಮುಂದಿಟ್ಟರೆ ಅವರು ಮೊದಲು ಕಟ್ಟಿಗೆಯ ಹೊಳಪು ನೋಡುತ್ತಿರಲಿಲ್ಲ. "ಪಾಲೀಶ್ ನೋಡಿ ಬಂದೂಕು ತಗೊಳ್ಳಾದು ಒಂದಽ, ಸೀರಿ ನೋಡಿ ಹೆಣ್ಣು ಒಪ್ಪಾದು ಒಂದಽ" ಎನ್ನುತ್ತ ಕನ್ನಡಕವನ್ನು ಹಣೆಗೆ ಏರಿಸಿ ತಿರುಪಿನ ತಲೆ ನೋಡುತ್ತಿದ್ದರು. ತಿರುಪಿನ ತಲೆಯ ಗೀರು ಚೂಪಾಗಿದ್ದರೆ ಯಾರೂ ಬಿಚ್ಚಿಲ್ಲ ಎಂದು. ಕಿತ್ತು ಹೋಗಿದ್ದರೆ ಯಾರೋ ಅರೆಬರೆ ಪಂಡಿತ ಒಳಗೆ ಕೈಯಾಡಿಸಿದ್ದಾನೆ ಎಂದು. "ಮಾಲಕ ಸುಳ್ಳು ಹೇಳ್ತಾನ, ನೀನೂ ಹೇಳ್ತೀ. ತಿರುಪಿನ ತಲಿ ಸುಳ್ಳು ಹೇಳಂಗಿಲ್ಲ" ಎಂದು ನನ್ನ ಕಡೆ ನೋಡಿ ನಗುತ್ತಿದ್ದರು.

ಆಮೇಲೆ ಮೂಗು. ನಳಿಗೆಯ ಬುಡಕ್ಕೆ ಮೂಗು ಹಚ್ಚಿ ಕಣ್ಣು ಮುಚ್ಚಿದರೆಂದರೆ ಆ ಮನೆಯ ಅಡುಗೆಮನೆ ಅವರಿಗೆ ಕಾಣುತ್ತಿತ್ತು. ನಮ್ಮ ಕಡೆಯ ಜನ ಬಂದೂಕಿಗೂ ಕುಸುಬಿ ಎಣ್ಣೆಯನ್ನೇ ಬಿಡುತ್ತಾರೆ. ಅದು ಒಳಗೇ ಒಣಗಿ ಅಂಟಾಗಿ ಸ್ಪ್ರಿಂಗನ್ನು ಹಿಡಿದುಬಿಡುತ್ತದೆ. "ಬದನಿಕಾಯಿ ಎಣಗಾಯಿ ಮಾಡ್ಯಾರ ಇದರೊಳಗ" ಎಂದು ಪಕ್ಕಕ್ಕಿಡುತ್ತಿದ್ದರು. ಬೀಡಿ ಕಟ್ಟಿನ ತೆಳು ಕಾಗದವನ್ನು ನಳಿಗೆಯ ಸಂದಿಗೆ ಹಿಡಿದು ಒಂದು ಛರ್ರೆ ಹಾರಿಸುತ್ತಿದ್ದರು. ಕಾಗದ ಅಲುಗಿದರೆ ಗಾಳಿ ಸೋರುತ್ತದೆ. ನಳಿಗೆ ಒಂದೆಳೆ ಮೇಲಕ್ಕೆ ನೋಡುತ್ತಿದ್ದರೆ ಅದು ಯಾವಾಗಲೋ ತೆರೆದಿದ್ದಾಗಲೇ ಸ್ಪ್ರಿಂಗು ಹಾರಿ, ನಳಿಗೆ ತಾನೇ ಬಡಿದು ಮುಚ್ಚಿಕೊಂಡ ಬಂದೂಕು. ಅದನ್ನು ಎರಡು ಬೆರಳಲ್ಲಿ ಹಾವು ಹಿಡಿದಂತೆ ಹಿಡಿಯುತ್ತಿದ್ದರು.

ಕಡೆಗೆ ನಳಿಗೆ ಬಗ್ಗಿಸಿ, ಬುಡದಲ್ಲಿರುವ ಚರ್ಮದ ವಾಸರ್ ಮೆತ್ತಗಿದೆಯೋ ಗಟ್ಟಿಯಾಗಿದೆಯೋ ಎಂದು ಎಡಗೈ ತೋರುಬೆರಳನ್ನು ಇಟ್ಟು ನೋಡುತ್ತಿದ್ದರು. ಅದಕ್ಕೂ ಮೊದಲು ತಪ್ಪದೆ ಒಂದು ಪ್ರಶ್ನೆ: "ಖಾಲಿ ಐತೇನಪ್ಪ?"

ಆ ದಿನ ನಾನು ದಢೇಸುಗೂರಿನ ಹಂಪನಗೌಡರ ಮನೆಯಿಂದ ತಂದ ಬಂದೂಕು ಹಿಡಿದು ಅಂಗಡಿಗೆ ಓಡಿದ್ದೆ. ಹಿಂಬದಿಯ ಕಟ್ಟಿಗೆ ಸೀಳಿತ್ತು, ಅದಕ್ಕೆ ಹಿತ್ತಾಳೆ ತಂತಿ ಸುತ್ತಿದ್ದರು. ಬಸ್ಸು ನಿಲ್ದಾಣದಲ್ಲಿ ನಿಂತಿತ್ತು, ಹತ್ತು ನಿಮಿಷ ಬಿಡುವು. ಡ್ರೈವರ್ ಆಗಲೇ ಹಾರ್ನ್ ಶುರು ಮಾಡಿದ್ದ.

"ಖಾಲಿ ಐತೇನಪ್ಪ?" ಅಂದರು.

"ಖಾಲಿ ಐತ್ರಿ ಉಸ್ತಾದ್. ಗೌಡ್ರಽ ಹೇಳ್ಯಾರ, ಲಗೂನ ನೋಡ್ರಿ."

ಗೌಡರು ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ನಳಿಗೆಯಲ್ಲಿ ಕಣ್ಣಿಟ್ಟಿದ್ದೆ, ಬೆಳಕು ಕಂಡಿತ್ತು, ಅಂದರೆ ಛರ್ರೆ ಇಲ್ಲ, ಅಂದರೆ ಖಾಲಿ. ಸ್ಪ್ರಿಂಗು ಯಾವ ಕಾಲದಿಂದಲೋ ಹಲ್ಲಿಗೆ ಸಿಕ್ಕಿ ಎಳೆದುಕೊಂಡೇ ಕೂತಿತ್ತು. ಹೊಟ್ಟೆ ಖಾಲಿ, ಸ್ಪ್ರಿಂಗು ಭರ್ತಿ. ಖಾಲಿ ಎಂಬ ಒಂದೇ ಮಾತಿನಲ್ಲಿ ಎರಡು ಖಾಲಿ ಇರುತ್ತವೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ.

ಅವರು ನಳಿಗೆ ಬಗ್ಗಿಸಿದರು. ಅದು ಯಾವ ಬಿಗಿಯೂ ಇಲ್ಲದೆ ಸಡಿಲವಾಗಿ ಕೆಳಗೆ ಬಂತು. ಹಾಗೆ ಬಂದರೆ ಎರಡು ಕಾರಣ: ಒಂದೋ ಸ್ಪ್ರಿಂಗು ಮುರಿದಿದೆ, ಇಲ್ಲವೋ ಆಗಲೇ ಎಳೆದು ನಿಂತಿದೆ. ನಾನು ಖಾಲಿ ಅಂದಿದ್ದೆನಲ್ಲ, ಅವರು ಮೊದಲನೆಯದನ್ನು ನಂಬಿದರು. "ಸ್ಪ್ರಿಂಗ್ ಹೋಗೈತಿ ಇದರದು" ಎನ್ನುತ್ತ ಬೆರಳಿಟ್ಟರು. ಠಪ್ ಎಂದಿತು. ಹಲ್ಲು ಜಾರಿ ನಳಿಗೆ ಬೆರಳಿನ ಮೇಲೆಯೇ ಮುಚ್ಚಿಕೊಂಡಿತು. ಬಾಗಿಲು ಬಡಿದಷ್ಟೇ ಸದ್ದು.

ಅವರು ಕೂಗಲಿಲ್ಲ. ಮೇಜಿನ ಮೇಲಿದ್ದ ಒರೆಸುವ ಬಟ್ಟೆಯನ್ನು ಬೆರಳಿಗೆ ಸುತ್ತಿದರು, ಅದು ನೋಡನೋಡುತ್ತ ಕೆಂಪಾಯಿತು. ಪಕ್ಕದ ಚಹಾದಂಗಡಿಯವನು ಓಡಿ ಬಂದ. ಹಾರ್ನ್ ಮತ್ತೆ ಕೇಳಿತು. ಮೌಲಾಸಾಬರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಹೋಗು, ಬಸ್ಸಿಗೆ ಹೊತ್ತಾತು ನಿನಗ" ಅಂದರು.

ನಾನು ಹೋದೆ. ಐವತ್ತು ಜನ ಕಾಯುತ್ತಿದ್ದರು, ಕೆಲಸದ ಮೇಲಿದ್ದೆ, ಎಲ್ಲ ನಿಜ. ಆದರೂ ಹೋದೆ. ಲಿಂಗಸುಗೂರು ಮುಟ್ಟುವವರೆಗೆ ಟಿಕೆಟ್ ಮಷೀನಿನ ಗುಂಡಿ ಒತ್ತುವಾಗಲೆಲ್ಲ ನನ್ನ ಬೆರಳನ್ನೇ ನೋಡಿಕೊಳ್ಳುತ್ತಿದ್ದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಮಾತು ನನ್ನನ್ನು ಬಿಟ್ಟು ದಢೇಸುಗೂರಿಗೆ ಹೋಯಿತು. ಗೌಡ ಸುಳ್ಳು ಹೇಳಿ ಮೌಲಾಸಾಬರ ಬೆರಳು ತೆಗೆದ ಎಂದು ಜನ ಆಡಿಕೊಂಡರು. ಹಂಪನಗೌಡರು ಕೆಂಡದಂಥ ಸಿಟ್ಟಿನಲ್ಲಿ ಬಂದು, ಅಂಗಡಿಯ ಮೂಲೆಯಲ್ಲಿದ್ದ ಬಂದೂಕನ್ನು ಎತ್ತಿಕೊಂಡು ಹೋಗಿ ಯಾರಿಗೋ ಕೊಟ್ಟು ಕೈತೊಳೆದುಕೊಂಡರು. ನಾನು ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ಎಲ್ಲರ ಮೇಲೆ ಹರಿಹಾಯುವ ಗಂಡಸು, ಅಲ್ಲಿ ಮಾತ್ರ ಮೂಕ ಬಸವಣ್ಣನಂತೆ ನಿಂತೆ.

ಬೆರಳಿನ ಗಾಯ ಆರುವ ಮೊದಲೇ ಮೌಲಾಸಾಬರು ಅಂಗಡಿ ತೆಗೆದರು. ಅವರಿಗೆ ಬೆರಳಿನ ಚಿಂತೆ ಇರಲಿಲ್ಲ. "ಅಮರೇಶ, ಆ ಬಂದೂಕಿನ ಹಲ್ಲು ಸವದೈತಿ. ಎಲ್ಲೋ ಯಾರದೋ ಮನ್ಯಾಗ ಉಸಿರು ಹಿಡಿದು ಕುಂತೈತದು. ನನ್ನದು ಗಂಡಸಿನ ಬೆರಳು, ಮುದಿ ಬೆರಳು, ಹೋತು. ಇನ್ನೊಬ್ಬರ ಬೆರಳು ತಿನ್ನೂದ್ರೊಳಗ ಅದನ್ನ ಹುಡುಕು." ಅಂದಿನಿಂದ ಆ ಅಂಗಡಿಯಲ್ಲಿ ಖಾಲಿ ಎಂಬ ಮಾತು ನಿಷಿದ್ಧವಾಯಿತು. ಯಾರು ಬಂದೂಕು ತಂದರೂ, ಸಲಾಂ ಹೇಳುವ ಮೊದಲೇ ಅವರ ಪ್ರಶ್ನೆ ಬರುತ್ತಿತ್ತು: "ಹೊಟ್ಟ್ಯಾಗ ಐತೋ ಇಲ್ಲೋ? ಉಸಿರು ಹಿಡಿದೈತೋ, ಬಿಟ್ಟೈತೋ?" ಹೊಟ್ಟೆ ಎಂದರೆ ಛರ್ರೆ, ಉಸಿರು ಎಂದರೆ ಸ್ಪ್ರಿಂಗು. ಹೊಸಬರು ಕಕ್ಕಾಬಿಕ್ಕಿಯಾಗುತ್ತಿದ್ದರು. ಒಬ್ಬಾತ ಪಂಪು ರಿಪೇರಿಗೆ ಬಂದವನು, ಆ ಪ್ರಶ್ನೆ ತನಗೇ ಎಂದುಕೊಂಡು, "ನಮ್ಮಪ್ಪ ಇನ್ನೂ ಗಟ್ಟಿ ಅದಾನ್ರಿ" ಎಂದು ಉತ್ತರ ಕೊಟ್ಟು ಎಲ್ಲರನ್ನೂ ನಗಿಸಿದ.

ನನಗೆ ಮಾತ್ರ ನಗು ಬರಲಿಲ್ಲ. ಗೌಡರು ಬಂದೂಕು ಯಾರಿಗೆ ಕೊಟ್ಟರೆಂದು ಅವರೊಬ್ಬರಿಗೇ ಗೊತ್ತು, ಅವರೋ ಸಿಂಧನೂರಿನವರು ಎಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಎರಡು ಸಲ ಹೋಗಿ ಬಾಗಿಲು ನೋಡಿ ಬಂದೆ. ರಾತ್ರಿ ಊಟಕ್ಕೆ ಕೂತರೆ ಯಾರದೋ ಬೆರಳು, ಯಾರದೋ ಕಣ್ಣು ನೆನಪಾಗಿ ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದೆ. ಮೂರನೆಯ ಸಲ ಹೋದಾಗ ಅವರ ಕಟ್ಟೆಯ ಕೆಳಗೆ ನಿಂತು ಇದ್ದದ್ದು ಇದ್ದಂತೆ ಹೇಳಿದೆ.

"ಗೌಡ್ರೆ, ನೀವು ಹೇಳಿದ್ರಿ ಅಂತ ನಾನಽ ಹುಟ್ಟಿಸಿ ಹೇಳೀನಿ. ತಪ್ಪು ನಂದು. ಇದೊಂದು ಉಸ್ತಾದಗ ಹೇಳಬ್ಯಾಡ್ರಿ."

ಗೌಡರು ಕಟ್ಟೆಯಿಂದ ಎದ್ದು ನಿಂತರು. ಆಮೇಲೆ, "ನನ್ನ ಮಾನ ತಗದು ನಿನ್ನ ಮಾನ ಉಳಿಸ್ಕೊಂಡಿ ಅಲ್ಲಲೇ" ಎಂದು ಬಾಗಿಲ ಕಡೆ ತಿರುಗಿದರು. ಹೊಸ್ತಿಲಲ್ಲಿ ನಿಂತು, "ಮಸ್ಕಿ ಗುಜರಿಯಾವಗ ಕೊಟ್ಟೀನಿ. ಹೋಗು" ಅಂದರು.

ನನ್ನ ಸ್ವಂತ ಊರು. ದಿನಾ ನಾಲ್ಕು ಸಲ ಆ ಗುಜರಿ ಅಂಗಡಿಯ ಮುಂದೆಯೇ ನನ್ನ ಬಸ್ಸು ಹೋಗುತ್ತಿತ್ತು. ಗುಜರಿಯವನು ತಲೆ ಕೆರೆದುಕೊಂಡು, ಹಿತ್ತಾಳೆ ತಂತಿ ಸುತ್ತಿದ್ದಲ್ಲವೇ, ಅದನ್ನು ಸಂತೆಕಲ್ಲೂರಿನ ಒಬ್ಬರು ಜೋಳದ ಹೊಲಕ್ಕೆಂದು ಒಯ್ದು ತಿಂಗಳಾಯಿತು ಅಂದ. ಹೊಲದ ಗುರುತು ಹೇಳಿದ. ತಿಂಗಳೆಂದರೆ ಮೂವತ್ತು ದಿನ, ದಿನಕ್ಕೆ ಎಷ್ಟು ಸಲ ಬೆರಳಿಟ್ಟಿರಬೇಕು ಎಂದು ನನ್ನ ತಲೆ ತಾನೇ ಲೆಕ್ಕ ಹಾಕತೊಡಗಿತು. ಅಲ್ಲಿಂದಲೇ ಫೋನ್ ಮಾಡಿದೆ. ಮೌಲಾಸಾಬರು ಊಟ ಬಿಟ್ಟು ಎದ್ದು, ಸಿಕ್ಕ ಬಸ್ಸು ಹತ್ತಿ ಮಸ್ಕಿಗೆ ಬಂದರು. ಇಬ್ಬರೂ ಒಂದು ಆಟೋದಲ್ಲಿ ಒತ್ತಿಕೊಂಡು ಕೂತು ಹೊರಟೆವು. ದಾರಿಯಲ್ಲಿ ಅವರು ಕೇಳಿದ್ದು ಒಂದೇ: "ಗೌಡ ಹೆಂಗ ಬಾಯಿ ಬಿಟ್ಟ?" ನಾನು, "ಕೈಕಾಲು ಹಿಡಿದೆ" ಅಂದೆ. ಅದು ಪೂರ್ತಿ ಸುಳ್ಳಲ್ಲ. ಅವರು ನನ್ನ ಮುಖವನ್ನೊಮ್ಮೆ ನೋಡಿ ರಸ್ತೆಯ ಕಡೆ ತಿರುಗಿದರು.

ಸಂಕ್ರಾಂತಿಯ ಹಿಂದುಮುಂದಿನ ದಿನಗಳು. ಜೋಳ ಹಾಲುಗಾಳು ಕಟ್ಟಿತ್ತು, ಗುಬ್ಬಿ ಗಿಳಿ ಹಿಂಡುಹಿಂಡಾಗಿ ಇಳಿಯುತ್ತಿದ್ದವು. ಹೊಲದ ನಡುವೆ ಒಂದು ಗಳಕ್ಕೆ ಹಳೆಯ ತಗಡು ತೂಗುಬಿಟ್ಟಿದ್ದರು. ಆ ತಗಡಿಗೆ ಛರ್ರೆ ಹೊಡೆದು ಸಪ್ಪಳ ಮಾಡಿ ಹಕ್ಕಿ ಎಬ್ಬಿಸುವುದು ಅಲ್ಲಿಯ ಉಪಾಯ. ಬದುವಿನ ಮೇಲೆ ಒಬ್ಬ ಹೆಣ್ಣುಮಗಳು, ಆಮೇಲೆ ಹೆಸರು ತಿಳಿಯಿತು, ಹುಲಿಗೆಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಬಂದೂಕಿನ ಹಿಂಬದಿ ಅವಳ ತೊಡೆಗೆ ಆನಿಕೊಂಡಿತ್ತು. ಹಿತ್ತಾಳೆ ತಂತಿ ಬಿಸಿಲಿಗೆ ಹೊಳೆಯಿತು. ಎಡಗೈಯಲ್ಲಿ ನಳಿಗೆಯನ್ನು ಪೂರಾ ಬಗ್ಗಿಸಿ ಹಿಡಿದಿದ್ದಳು. ಬಲಗೈ ಹೆಬ್ಬೆರಳಿನಿಂದ ಛರ್ರೆಯನ್ನು ನಳಿಗೆಯ ಬುಡಕ್ಕೆ ಒತ್ತುತ್ತಿದ್ದಳು. ಛರ್ರೆ ಕೂಡುತ್ತಿರಲಿಲ್ಲ, ಮತ್ತೆ ಮತ್ತೆ ಒತ್ತುತ್ತಿದ್ದಳು.

ನಮಗೂ ಅವಳಿಗೂ ಇಪ್ಪತ್ತು ಹೆಜ್ಜೆ. "ಬಿಡವ್ವಾ" ಎಂದು ಕೂಗಲು ಬಾಯಿ ತೆರೆದೆ. "ಬಿ" ಎಂಬುದು ಹೊರಗೆ ಬೀಳುವಷ್ಟರಲ್ಲಿ ಮೌಲಾಸಾಬರ ಎಡಗೈ ನನ್ನ ಬಾಯಿಯ ಮೇಲೆ ಬಿತ್ತು. ಆ ಅರ್ಧ ಬೆರಳಿನ ಒರಟು ತುದಿ ನನ್ನ ತುಟಿಗೆ ಒತ್ತಿದ್ದು ಇನ್ನೂ ನೆನಪಿದೆ.

"ಬಿಡು ಅಂದ್ರ ಬಿಡ್ತಾಳಲೇ" ಎಂದು ಕಿವಿಯಲ್ಲಿ ಉಸುರಿದರು. "ನಳಿಗಿ ಬಿಡ್ತಾಳ."

ಅವಳ ಎಡಗೈ ಬಿಗಿ ಇರುವವರೆಗೆ ಮಾತ್ರ ಬಲಗೈ ಹೆಬ್ಬೆರಳು ಅವಳದು. ಬೆಚ್ಚಿ ಕೈ ಸಡಿಲ ಬಿಟ್ಟರೆ, ಅದೇ ಗಳಿಗೆಯಲ್ಲಿ ಹಲ್ಲು ಜಾರಿದರೆ ಮುಗಿಯಿತು. ಎರಡನೆಯ ಸಲವೂ ನನ್ನ ಬಾಯಿ ಒಂದು ಬೆರಳು ತಿನ್ನಲು ಹೊರಟಿತ್ತು.

ಮೌಲಾಸಾಬರು ಕೈ ತೆಗೆದು, ಜೋಳದ ಸಾಲಿನಲ್ಲಿ ನಿಧಾನವಾಗಿ ನಡೆದರು. ಅವರ ದನಿ ಗಿರಾಕಿಯ ಜತೆ ಮಾತಾಡುವ ದನಿಯೇ.

"ತಂಗೀ, ಜೋಳ ಚಂದ ಬಂದೈತಿ. ಎಡಗೈಲೆ ನಳಿಗಿ ಹಿಡಿದೀಯಲ್ಲ, ಹಂಗಽ ಗಟ್ಟಿ ಹಿಡಿ."

ಅವಳು ತಲೆ ಎತ್ತಿದಳು. "ಯಾರ್ರೀ ನೀವು?"

"ಬಂದೂಕು ರಿಪೇರಿ ಮಾಡಾವ. ಹಿಡಿ. ಗಟ್ಟಿ ಹಿಡಿ. ಹೇಳ್ತೀನಿ ಬಂದು."

"ಹಿಡದೀನಲ್ರಿ. ಇದಕ್ಯಾಕ ರಿಪೇರಿ? ಚಲೋ ಐತಿ."

"ಚಲೋ ಐತಿ, ಬರೋಬರಿ. ಹಿಡಿ."

ಹಿಡಿ, ಹಿಡಿ ಎನ್ನುತ್ತ ಆ ಇಪ್ಪತ್ತು ಹೆಜ್ಜೆಯನ್ನು ಅವರು ನಡೆದರು. ನನಗೆ ಅದು ಸಿಂಧನೂರಿನಿಂದ ಲಿಂಗಸುಗೂರಿನಷ್ಟು ದೂರವಾಯಿತು. ಹೋಗಿ ಅವಳ ಕೈಯ ಮೇಲಿನ ಭಾಗದಲ್ಲಿ ತಮ್ಮ ಎರಡೂ ಕೈಯಿಂದ ನಳಿಗೆ ಹಿಡಿದರು. "ಈಗ ಬಲಗೈ ತಗಿ." ಅವಳು ಹೆಬ್ಬೆರಳು ತೆಗೆದಳು. "ಈಗ ಎಡಗೈ." ತೆಗೆದಳು. ಆಗ ಅವರ ಹಣೆಯಿಂದ ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈ ಇರಲಿಲ್ಲ. ನಾನು ಹೋಗಿ ನನ್ನ ಟವೆಲಿನಿಂದ ಒರೆಸಿದೆ.

ಹುಲಿಗೆಮ್ಮನಿಗೆ ನಮ್ಮ ಮೇಲೆ ಸಂಶಯ. ಹಳೆಯ ಸಾಮಾನು ಹೊಡೆದುಕೊಂಡು ಹೋಗುವವರು ಎಂದುಕೊಂಡಿದ್ದಳು. ಮೌಲಾಸಾಬರು ವಾದ ಮಾಡಲಿಲ್ಲ. ನನ್ನಿಂದ ಒಂದು ಹಸಿ ಜೋಳದ ದಂಟು ಮುರಿಸಿ, ಹೆಬ್ಬೆರಳು ಇದ್ದ ಜಾಗದಲ್ಲೇ ಅದನ್ನು ನನಗೆ ಉದ್ದಕ್ಕೆ ಹಿಡಿಯಲು ಹೇಳಿದರು. ನಳಿಗೆಯ ಮೇಲಿನ ಕೈ ತೆಗೆದು, ಹಿಂಬದಿಯ ಕಟ್ಟಿಗೆಯನ್ನು ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಬಡಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಬಡಿದರು. ಏನೂ ಆಗಲಿಲ್ಲ.

"ನೋಡ್ರಿ, ನಾ ಹೇಳ್ಲಿಲ್ಲೇನು" ಎಂದು ಅವಳು ನಕ್ಕಳು.

ಮೂರನೆಯ ಸಲಕ್ಕೆ ಠಪ್ ಎಂದಿತು. ಅದೇ ಸದ್ದು. ದಂಟಿನ ತುದಿ ಅವಳ ಕಾಲ ಬಳಿ ಬಿತ್ತು, ತುಂಡಾದ ಕಡೆ ರಸ ಒಸರುತ್ತಿತ್ತು. ಹುಲಿಗೆಮ್ಮ ಅದನ್ನು ನೋಡಿದಳು, ತನ್ನ ಹೆಬ್ಬೆರಳು ನೋಡಿಕೊಂಡಳು, ಆಮೇಲೆ ಮೌಲಾಸಾಬರ ಎಡಗೈ ನೋಡಿದಳು. ಬದುವಿನ ಮೇಲೆ ಕುಸಿದು ಕೂತು, "ಮುಂಜಾನಿಂದ ಎಷ್ಟು ಸಲ ಇಟ್ಟೀನ್ರಿ ಯಪ್ಪಾ" ಅಂದಳು.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು, "ಒಯ್ರಿ ಇದನ್ನ. ಆದ್ರ ಹಕ್ಕಿ ಏನ್ ಮಾಡ್ಲಿ?"

ಮೌಲಾಸಾಬರು ನನ್ನ ಕಡೆ ತಿರುಗಿದರು. "ನಿನ್ನ ಮನ್ಯಾಗ ಆ ವಿಲಾಯತಿದು ಐತಲ್ಲ. ಅದರ ಹಲ್ಲು ಹೊಸಾದು, ನಾನಽ ಹಾಕೀನಿ. ತಂದು ಈಕಿಗೆ ಕೊಡು."

ಬೇರೆ ಯಾವುದನ್ನಾದರೂ ಕೇಳಬಾರದಿತ್ತೇ. ಸಂಜೆಯೊಳಗೆ ಒಯ್ದು ಕೊಟ್ಟೆ. ಇವತ್ತಿಗೂ ಅದು ಸಂತೆಕಲ್ಲೂರಿನ ಜೋಳ ಕಾಯುತ್ತಿದೆ, ಕಟ್ಟಿಗೆಗೆ ಅವಳು ಅರಿಶಿನದ ಬೊಟ್ಟು ಇಟ್ಟಿದ್ದಾಳೆ.

ಹಿತ್ತಾಳೆ ತಂತಿಯ ಬಂದೂಕನ್ನು ಮೌಲಾಸಾಬರು ಬಿಚ್ಚಿ, ಸವೆದ ಹಲ್ಲನ್ನು ಕಿತ್ತು ಮೇಜಿನ ಡ್ರಾಯರಿನಲ್ಲಿ ಹಾಕಿದರು. ಹೊಸ ಹಲ್ಲು ಕಟ್ಟಲಿಲ್ಲ. "ಇದಕ್ಕ ಉಸಿರು ಸಾಕು" ಅಂದರು.

ಅದಾಗಿ ನಾಲ್ಕು ವರ್ಷ. ಅವರಿಗೆ ಮೊದಲಿನಿಂದಲೂ ದಮ್ಮಿನ ಕಾಯಿಲೆ ಇತ್ತು, ಕಳೆದ ಚಳಿಗಾಲದಲ್ಲಿ ಅದು ಅಂಗಡಿಗೆ ಬರಗೊಡಲಿಲ್ಲ. ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ. ಅವರು ತೀರಿಕೊಳ್ಳುವ ಒಂಬತ್ತು ದಿನ ಮುಂಚೆ, ಬಸ್ಸಿನ ಬಿಡುವಿನಲ್ಲಿ ಅವರ ಮನೆಗೆ ಹೋಗಿದ್ದೆ. ನಿಲ್ದಾಣದ ಹಿಂದಿನ ಓಣಿಯೇ. ಗೋಡೆಗೆ ಒರಗಿ ಕೂತಿದ್ದರು, ಒಂದೊಂದು ಮಾತಿಗೂ ನಿಂತು ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ನಾನು ಹೊಸ್ತಿಲು ದಾಟುವ ಮೊದಲೇ ಕೇಳಿದರು, "ಯಾಕೋ, ಉಸಿರು ಹಿಡಿದೀ?"

ಆಗ ಹೇಳಿಬಿಟ್ಟೆ. "ಉಸ್ತಾದ್, ಆವತ್ತು ಗೌಡ್ರು ಏನೂ ಹೇಳಿದ್ದಿಲ್ಲ. ಖಾಲಿ ಅಂತ ನಾನಽ ಅಂದೆ. ಅವರನ್ನ ಕೇಳದಽ ಅಂದೆ."

ಅವರು ಎಡಗೈ ಚಾಚಿ ನನ್ನ ಮಣಿಕಟ್ಟು ಹಿಡಿದರು.

"ಗೊತ್ತೈತಿ" ಅಂದರು. "ನಿನ್ನ ಮಾರಿ ತಿರುಪಿನ ತಲಿ ಇದ್ದಂಗ ಐತಿ. ಬೆರಳು ಹೋದ ಗಳಿಗೀಗೇ ಓದೀನಿ."

"ಮತ್ತ ಯಾಕ ಅನ್ನಲಿಲ್ರಿ?"

"ಅಂದಿದ್ದರ ಅತ್ತುಕೊಂತ ಮನೀಗಿ ಹೋಗ್ತಿದ್ದಿ. ಒಳಗ ಬಿಗಿ ಹಿಡಿದಿತ್ತು ನಿಂದು, ಅದಕ್ಕಽ ಊರೂರು ತಿರುಗಿ ಹುಡುಕಿದಿ. ಆ ಹೆಣ್ಣುಮಗಳ ಬೆರಳು ಉಳೀತು." ಬಹಳ ಹೊತ್ತು ಕೆಮ್ಮಿದರು. ನನ್ನ ಮಣಿಕಟ್ಟಿನ ಮೇಲೆ ಹಿಡಿತ ಬಿಗಿಯಾಗಿಯೇ ಇತ್ತು, ಆಮೇಲೆ ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. "ಈಗ ಬಿಡು" ಅಂದರು.

ನನಗೆ ಅಳು ತಡೆಯಲಾಗಲಿಲ್ಲ. ಐವತ್ತು ದಾಟಿದ ಗಂಡಸು ಅವರ ಹೆಂಡತಿಯ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತೆ. ಆಕೆ ನೀರು ತಂದಿಟ್ಟು ಒಳಗೆ ಹೋದರು. ಅಷ್ಟರಲ್ಲಿ ನಿಲ್ದಾಣದಿಂದ ಹಾರ್ನ್ ಕೇಳಿತು.

"ಹೋಗು" ಅಂದರು, "ಬಸ್ಸಿಗೆ ಹೊತ್ತಾತು ನಿನಗ."

ಹಾರ್ನ್ ಇನ್ನೆರಡು ಸಲ ಕೇಳಿತು. ನಾನು ಏಳಲಿಲ್ಲ.